ರಸ್ತೆಯ ಬಂಧುಬಳಗ

ಮದುವೆಯ ಮನೆಯಲ್ಲಿ ಹೊಸಬರೊಬ್ಬರನ್ನು ಕಂಡರೆ ಹಿರಿಯ ಮುತ್ತೈದೆಯರು ಮೊದಲು ಕೇಳುವುದು ಹೆಸರನ್ನಲ್ಲ; “ಇವರು ಯಾರ ಪೈಕಿ?” ಎಂದು. ಹೆಸರಿನಿಂದಾಗದ ಪರಿಚಯ ನಂಟಿನಿಂದಾಗುತ್ತದೆ. ರಸ್ತೆಗಳ ವಿಷಯದಲ್ಲಿಯೂ ಇದೇ ಪ್ರಶ್ನೆಯನ್ನು ಕೇಳಬೇಕೆಂಬುದು ಇಂದಿನ ಎಂಜಿನಿಯರುಗಳಿಗೆ ಮನವರಿಕೆಯಾಗಿದೆ.

ಅಮೆರಿಕದ ಉತ್ತರ ಕೆರೊಲಿನಾ ಸಂಸ್ಥಾನದ ಡರ್ಹ್ಯಾಮ್ ನಗರದಲ್ಲಿ, ಗ್ರೆಗ್ಸನ್ ಬೀದಿಯ ಮೇಲೆ ಹಾದುಹೋಗುವ ರೈಲು ಸೇತುವೆಯೊಂದುಂಟು. 1940ರಲ್ಲಿ ಕಟ್ಟಿದ ಈ ಸೇತುವೆಯ ಕೆಳಗೆ ವಾಹನಗಳಿಗೆ ಉಳಿದ ಎತ್ತರ 11 ಅಡಿ 8 ಅಂಗುಲ ಮಾತ್ರ. ಅದಕ್ಕಿಂತ ಎತ್ತರದ ಲಾರಿ ನುಗ್ಗಿತೋ, ಬಾಳೆಯ ಹಣ್ಣಿನ ಸಿಪ್ಪೆಯಂತೆ ಅದರ ಮಾಡು ಸುಲಿದುಹೋಗುತ್ತಿತ್ತು. 2008ರಿಂದ ಅಲ್ಲಿ ಕಾದು ಕುಳಿತಿರುವ ಕ್ಯಾಮೆರಾ ಇಂತಹ ನೂರಕ್ಕೂ ಮಿಕ್ಕ ಅಪಘಾತಗಳನ್ನು ಸೆರೆಹಿಡಿದಿದೆ.

ದೋಷ ಯಾರದು? ಸೇತುವೆ ಗಟ್ಟಿಯಾಗಿದೆ, ಬೀದಿ ನುಣುಪಾಗಿದೆ. ಆ ಎತ್ತರವಾದರೋ ಸೇತುವೆಯ ಗುಣವೂ ಅಲ್ಲ, ಬೀದಿಯ ಗುಣವೂ ಅಲ್ಲ. ಅವೆರಡರ ನಡುವಣ ಸಂಬಂಧದ ಅಳತೆ. ಬೀದಿಯನ್ನು ಅಗೆದು ತಗ್ಗಿಸೋಣವೆಂದರೆ ಅದರಡಿಯಲ್ಲಿಯೇ ಒಳಚರಂಡಿಯ ದೊಡ್ಡ ಕೊಳವೆ ಮಲಗಿದೆ. ಸೇತುವೆಯನ್ನು ಎತ್ತೋಣವೆಂದರೆ ಎರಡೂ ಕಡೆ ಬಹುದೂರದವರೆಗೆ ಹಳಿಯನ್ನೂ ಎತ್ತಬೇಕು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು! ಕಡೆಗೆ 2019ರಲ್ಲಿ ಸೇತುವೆ 8 ಅಂಗುಲ ಮೇಲೇರಿತು.

ಇಂದು ರಸ್ತೆಗೊಂದು ‘ಡಿಜಿಟಲ್ ಅವಳಿ’ಯನ್ನು ಕಂಪ್ಯೂಟರಿನೊಳಗೆ ನಿರ್ಮಿಸುವವರು ಬಿಡಿಸಬೇಕಾದ ಒಗಟು ಇದೇ. ಚಪ್ಪಟೆಯಾದ ನಕ್ಷೆಯಲ್ಲಿ ಹಳಿಯೂ ಬೀದಿಯೂ ಒಂದನ್ನೊಂದು ಕತ್ತರಿಸುವ ಎರಡು ಗೆರೆಗಳು. ಅಷ್ಟನ್ನೇ ನಂಬಿದ ಯಂತ್ರಕ್ಕೆ ಅದು ಕೂಡುರಸ್ತೆಯಂತೆ ಕಂಡರೆ ಆಶ್ಚರ್ಯವಿಲ್ಲ. ಆದುದರಿಂದ ‘ಮೇಲೆ’, ‘ಕೆಳಗೆ’, ‘ಪಕ್ಕದಲ್ಲಿ’, ‘ಕೂಡುತ್ತದೆ’, ‘ಕೂಡದೆ ದಾಟುತ್ತದೆ’ ಎಂಬ ನಂಟುಗಳನ್ನೆಲ್ಲ ಬಿಡಿಬಿಡಿಯಾಗಿ ಬರೆದಿಡಬೇಕು. 2006ರಲ್ಲಿ ಪ್ರಕಟವಾದ ‘ಓಪನ್‌ಡ್ರೈವ್’ ಎಂಬ ಪದ್ಧತಿಯಲ್ಲಿ ರಸ್ತೆಯ ಪ್ರತಿಯೊಂದು ಪಥಕ್ಕೂ ಹಿಂದಿನದಾವುದು, ಮುಂದಿನದಾವುದು ಎಂದು ವಂಶಾವಳಿಯಂತೆ ಗುರುತಿಸಲು ಏರ್ಪಾಡಿದೆ. ಹೀಗೆ ಬರೆದಿಟ್ಟಲ್ಲಿ, ಬೀದಿಯನ್ನು ತಗ್ಗಿಸಹೊರಟವನಿಗೆ ಗುದ್ದಲಿ ಹಿಡಿಯುವ ಮೊದಲೇ ಕೊಳವೆಯ ಸುದ್ದಿ ತಿಳಿಯುತ್ತದೆ; ರೈಲಿನವರ ನಕ್ಷೆ, ನಗರಸಭೆಯ ನಕ್ಷೆ ಎಂಬ ಭೇದ ಅಳಿಯುತ್ತದೆ.

ಇಷ್ಟಾದರೂ ಮನುಷ್ಯನ ಪಾಲಿನ ಎಚ್ಚರ ತಪ್ಪುವುದಿಲ್ಲ. ಸೇತುವೆ ಮೇಲೇರಿದ ಬಳಿಕವೂ ಲಾರಿಗಳು ಬಂದು ಬಡಿದಿವೆ. ಬೀದಿಗೂ ಸೇತುವೆಗೂ ಇರುವ ನಂಟನ್ನು ಅವಳಿ ಬಲ್ಲುದು. ತನ್ನ ಲಾರಿಯ ಎತ್ತರವನ್ನು ಮಾತ್ರ ಚಾಲಕನೇ ಬಲ್ಲವನಾಗಿರಬೇಕು.