ಗುಜರಿಯಿಂದ ಬಂದವರು

ನಮ್ಮ ಮನೆಗೆ ಹೊಸದಾಗಿ ಕೊಂಡು ತಂದ ಸಾಮಾನು ನೇರವಾಗಿ ಹಾಲ್‌ಗೆ ಬರುತ್ತದೆ. ಗುಜರಿಯಿಂದ ಬಂದದ್ದಕ್ಕೆ ಆ ಭಾಗ್ಯವಿಲ್ಲ. ಅದು ಮೊದಲು ಹಿತ್ತಿಲಿನ ಒಗೆಯುವ ಕಲ್ಲಿನ ಮೇಲೆ ಕೆಲವು ದಿನ ಕೂತು, ಮೈ ತೊಳೆದುಕೊಂಡು, ತುಕ್ಕು ಉದುರಿಸಿಕೊಂಡು, ಮನೆಯಾಕೆಯ ಒಪ್ಪಿಗೆ ಪಡೆದ ಮೇಲೆಯೇ ಹೊಸ್ತಿಲು ದಾಟಬೇಕು. "ಯಾರ ಮನೇದೋ ಏನೋ ರೀ, ಯಾರು ಪ್ರಾಣ ಬಿಟ್ಟ ಮಂಚವೋ" ಎಂಬುದು ಆಕೆಯ ಕಾಯಂ ಆಕ್ಷೇಪ. ಮಂಚ ತರುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ. ಕುರ್ಚಿಯ ವಿಷಯದಲ್ಲಿ ಕೊಟ್ಟಿಲ್ಲ.

ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ಭಾನುವಾರ ಷಟರ್ ಎಳೆದ ಅಂಗಡಿಗಳ ಮುಂದೆ, ನೆಲದ ಮೇಲೆ, ಇನ್ನೊಂದು ಪೇಟೆ ಹರಡಿಕೊಳ್ಳುತ್ತದೆ. ಸಂಡೇ ಬಜಾರ್ ಅಂದರೆ ಅದೇ. ಟಾರ್ಪಾಲಿನ ಮೇಲೆ ಮುಚ್ಚಳವಿಲ್ಲದ ಕುಕ್ಕರು, ಅದರ ಪಕ್ಕದಲ್ಲೇ ಕುಕ್ಕರಿಲ್ಲದ ಮುಚ್ಚಳ; ಎರಡಕ್ಕೂ ಜಾತಕ ಕೂಡುವುದಿಲ್ಲ. "ಇದು ವರ್ಕ್ ಆಗುತ್ತಾ?" ಎಂದು ಕೇಳುವವನು ಹೊಸಬ. "ಪಕ್ಕಾ ವರ್ಕಿಂಗ್ ಸಾರ್, ಮನೇಗೋಗಿ ಹಾಕ್ ನೋಡಿ" ಎಂಬ ಉತ್ತರ ಮೊದಲೇ ಸಿದ್ಧವಾಗಿರುತ್ತದೆ. ಫುಟ್‌ಪಾತಿನಲ್ಲಿ ಪ್ಲಗ್ ಪಾಯಿಂಟ್ ಎಲ್ಲಿಂದ ಬರಬೇಕು? ನಾನು ಆ ಪ್ರಶ್ನೆ ಕೇಳುವುದಿಲ್ಲ. ವಸ್ತುವನ್ನು ಅಡಿಮೇಲು ಮಾಡಿ ಸ್ಕ್ರೂ ಇದೆಯೇ ಎಂದು ನೋಡುತ್ತೇನೆ. ಇದ್ದರೆ ಚೌಕಾಸಿ ಶುರು. ಅಂಟು ಹಾಕಿ ಮುಚ್ಚಿದ್ದರೆ, ರಿವೆಟ್ ಹೊಡೆದಿದ್ದರೆ, ಎಷ್ಟೇ ಹೊಳೆಯುತ್ತಿರಲಿ, ಅಲ್ಲೇ ಬಿಟ್ಟು ಮುಂದಕ್ಕೆ. ಮಾಡಿದವನೇ ಇದು ಕೆಡುತ್ತದೆ, ತೆರೆಯಬೇಕಾಗುತ್ತದೆ ಎಂದು ಯೋಚಿಸದಿದ್ದ ಮೇಲೆ ನಾನೇಕೆ ಯೋಚಿಸಲಿ?

ಈ ಪರೀಕ್ಷೆಯಲ್ಲಿ ನೂರಕ್ಕೆ ನೂರು ಪಡೆಯುವುದು ಹಳೆಯ ಟೇಬಲ್ ಫ್ಯಾನು. ಬೀಡಿನ ಪೀಠ, ಹಿತ್ತಾಳೆಯ ರೆಕ್ಕೆ, ಎತ್ತಿದರೆ ರಟ್ಟೆ ಸೋಲುವ ಭಾರ. ತೆರೆಯಲು ಒಂದು ಸ್ಕ್ರೂಡ್ರೈವರ್, ಒಂದು ಸ್ಪ್ಯಾನರ್ ಸಾಕು. ಗುಟ್ಟು ಒಂದೇ: ರೆಕ್ಕೆ ಹಿಡಿದಿರುವ ಗುಂಡಿಗೆ ಸಾಮಾನ್ಯವಾಗಿ ಉಲ್ಟಾ ಥ್ರೆಡ್ ಇರುತ್ತದೆ. ಉಳಿದೆಲ್ಲ ಎಡಕ್ಕೆ ತಿರುಗಿಸಿದರೆ ಬಿಚ್ಚಿಕೊಂಡರೆ ಇದು ಬಲಕ್ಕೆ. ಫ್ಯಾನು ತಿರುಗುವ ರಭಸಕ್ಕೆ ಗುಂಡಿ ತಾನೇ ಸಡಿಲವಾಗದಿರಲಿ ಎಂದು ಮಾಡಿದ ಉಪಾಯ. ಇದು ಗೊತ್ತಿಲ್ಲದ ಭುಜಬಲರಾಮರು ಎಡಕ್ಕೇ ತಿರುವಿ ತಿರುವಿ ಬಿಗಿ ಮಾಡಿಟ್ಟ ಫ್ಯಾನುಗಳು ಗುಜರಿಯಲ್ಲಿ ಬೇಕಾದಷ್ಟು ಸಿಗುತ್ತವೆ.

ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ಕೈಯಿಂದ ಒಮ್ಮೆ ತಳ್ಳಿದರೆ ಹೊರಡುತ್ತದೆ. ಹಳೆಯ ಫ್ಯಾನಿನ ಮಾಮೂಲಿ ಕಾಯಿಲೆ ಇದು. ಕೆಪಾಸಿಟರ್ ಸೋತಿರಬೇಕು, ಇಲ್ಲವೇ ಬುಷ್‌ನಲ್ಲಿ ಎಣ್ಣೆ ಒಣಗಿರಬೇಕು. ಕೆಪಾಸಿಟರ್ ಎಸ್.ಪಿ. ರೋಡಿನಲ್ಲಿ ಕಾಫಿ ತಿಂಡಿಯ ದುಡ್ಡಿಗೆ ಸಿಗುತ್ತದೆ. ಹಳೆಯದರ ಮೇಲೆ ಬರೆದ ಅಂಕಿಯದ್ದೇ ತರಬೇಕು, ಅಷ್ಟೆ. ಎಣ್ಣೆಯ ಕಥೆ ಸ್ವಲ್ಪ ದೊಡ್ಡದು. ಶಾಫ್ಟ್ ತಿರುಗುವ ಬುಷ್‌ನ ಸುತ್ತ ಉಣ್ಣೆಯ ಫೆಲ್ಟಿನ ಒಂದು ಬಳೆ ಇರುತ್ತದೆ. ಅದು ಎಣ್ಣೆ ಹೀರಿಕೊಂಡು ವರ್ಷಗಟ್ಟಲೆ ತೊಟ್ಟು ತೊಟ್ಟಾಗಿ ಬಿಟ್ಟುಕೊಡುತ್ತದೆ. ನಮ್ಮವರು ಕೈಗೆ ಸಿಕ್ಕಿತೆಂದು ಕೊಬ್ಬರಿ ಎಣ್ಣೆ ಬಿಟ್ಟಿರುತ್ತಾರೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವ ಜಾತಿ. ಬೆಂಗಳೂರಿನ ಡಿಸೆಂಬರಿನಲ್ಲಿ ಸೀಸೆಯೊಳಗೆ ಹೆಪ್ಪುಗಟ್ಟುವಂಥದ್ದು ಫ್ಯಾನಿನೊಳಗೆ ಸುಮ್ಮನಿರುತ್ತದೆಯೇ? ದಿನ ಕಳೆದಂತೆ ಧೂಳು ಸೇರಿ ಕಪ್ಪು ಮೇಣವಾಗುತ್ತದೆ. ಅದನ್ನೆಲ್ಲ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ತೆಗೆದು, ಪೂರ್ತಿ ಆರಲು ಬಿಟ್ಟು, ಹೊಲಿಗೆ ಮಿಷನ್ನಿನ ಎಣ್ಣೆ ನಾಲ್ಕು ತೊಟ್ಟು ಬಿಟ್ಟು, ಶಾಫ್ಟನ್ನು ಬೆರಳಲ್ಲಿ ತಿರುಗಿಸಿ ನೋಡಬೇಕು. ಮೊದಲು ತರತರ ಎನ್ನುವುದು ಒಂದು ಘಳಿಗೆಯಲ್ಲಿ ನುಣ್ಣಗೆ ಸುತ್ತತೊಡಗುತ್ತದೆ. ನನ್ನ ಮಟ್ಟಿಗೆ ಭಾನುವಾರ ಸಾರ್ಥಕ.

ಆದರೆ ವೈರು ಬದಲಿಸದೆ ಅದನ್ನು ಪ್ಲಗ್ಗಿಗೆ ಹಾಕಬಾರದು. ಹಳೆಯ ವೈರಿನ ರಬ್ಬರು ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಎರಡು ಪಿನ್ನಿನ ಜಾಗದಲ್ಲಿ ಮೂರು ಪಿನ್ನಿನದು ಹಾಕಿ, ಹಸಿರು ವೈರನ್ನು ಕಬ್ಬಿಣದ ಮೈಗೆ ಸ್ಕ್ರೂ ಮಾಡಬೇಕು. ಮೈಯೆಲ್ಲ ಲೋಹವಾದ ಫ್ಯಾನಿಗೆ ಅರ್ಥಿಂಗ್ ಇಲ್ಲದಿದ್ದರೆ ಗಾಳಿಯ ಜೊತೆ ಬೇರೇನೋ ಬಂದೀತು.

ಬೀಡಿನ ದೋಸೆ ಹೆಂಚಿನದು ಇನ್ನೂ ಸುಲಭದ ಬಾಬ್ತು. ತುಕ್ಕು ಹಿಡಿದು ಕೆಂಪಾದದ್ದನ್ನು ಜನ ಕಬ್ಬಿಣದ ತೂಕಕ್ಕೆ ಹಾಕಿಬಿಡುತ್ತಾರೆ. ಬಿರುಕೊಂದು ಇರಬಾರದು, ಬೆರಳಿನಿಂದ ತಟ್ಟಿದರೆ ಗಂಟೆಯಂತೆ ಠಣ್ ಎನ್ನಬೇಕು. ಉಪ್ಪುಕಾಗದ ಹಿಡಿದು ಉಜ್ಜಿ, ಹುಣಸೆಹಣ್ಣು ಹಚ್ಚಿ ತೊಳೆದು, ತಕ್ಷಣ ಒಲೆಯ ಮೇಲಿಟ್ಟು ಒಣಗಿಸಿ, ತೆಳ್ಳಗೆ ಎಣ್ಣೆ ಸವರಿ ಕಾಯಿಸಬೇಕು. ಆರಿಸಿ, ಮತ್ತೆ ಸವರಿ, ಮತ್ತೆ ಕಾಯಿಸಬೇಕು. ಎಣ್ಣೆ ಸುಟ್ಟು ಕಬ್ಬಿಣಕ್ಕೆ ಕಚ್ಚಿ ಕರಿಯ ಪದರವಾಗುವುದೇ ಪಳಗುವುದು. ಅರ್ಧ ಈರುಳ್ಳಿಯಿಂದ ತಿಕ್ಕಿ ಹೊಯ್ದ ಮೊದಲ ದೋಸೆಗಳು ಕಾಗೆಗೆ. ಆಮೇಲಿನವು ನಾನ್‌ಸ್ಟಿಕ್ಕನ್ನು ನಾಚಿಸುತ್ತವೆ. ನಮ್ಮ ಮನೆಯಲ್ಲಿ ಹಿತ್ತಿಲ ವಾಸವಿಲ್ಲದೆ ನೇರ ಅಡುಗೆಮನೆಗೆ ಬಡ್ತಿ ಪಡೆದದ್ದು ಈ ಹೆಂಚೊಂದೇ.

ಎಲ್ಲವನ್ನೂ ಮನೆಯಲ್ಲೇ ಮಾಡುತ್ತೇನೆ ಎನ್ನುವ ಜಂಬ ಬೇಡ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವುದನ್ನು ಬೀದಿಯಲ್ಲಿ ನಿಂತು ನೋಡಿದವರಿಗೆ ಗೊತ್ತು: ಕಾದ ಪಾತ್ರೆಗೆ ನವಸಾಗರ ಬಿದ್ದೊಡನೆ ಏಳುವ ಬಿಳಿ ಹೊಗೆ, ಅದರೊಳಗೇ ತವರದ ಕಡ್ಡಿ ತಾಕಿಸಿ ಅರಳೆಯಿಂದ ಒಂದೇ ಬೀಸಿಗೆ ಬೆಳ್ಳಿ ಬಳಿಯುವ ಕೈ. ಆ ಹೊಗೆ ಮನೆಯೊಳಗೆ ಆಗದು, ಆ ಕೈ ನಮಗೆ ಬಾರದು. ಕುರ್ಚಿಗೆ ಬೆತ್ತ ನೇಯುವುದೂ ಕಸುಬಿನವರದ್ದೇ. ನೀರಲ್ಲಿ ನೆನೆಸಿದ ಬೆತ್ತವನ್ನು ಹಸಿಯಿರುವಾಗಲೇ ಹೆಣೆಯುತ್ತಾರೆ. ಒಣಗಿದ ಮೇಲೆ ಅದು ತಾನೇ ಬಿಗಿದುಕೊಳ್ಳುತ್ತದೆ. ಮರದ ಚೌಕಟ್ಟಿಗೆ ಅರಗು ಕರಗಿಸಿದ ಸ್ಪಿರಿಟ್ ಪಾಲಿಷ್ ಹೊಡೆಯುವುದಷ್ಟೇ ನನ್ನ ಪಾಲು. ಇನ್ನು ಮೈಕ್ರೋವೇವ್ ಒಲೆಗೆ ಸ್ಕ್ರೂ ಇದ್ದರೂ ಕೈ ಹಾಕುವುದಿಲ್ಲ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ನಲ್ಲಿ ಸುಮಾರು 2000 ವೋಲ್ಟ್ ಅಡಗಿ ಕೂತಿರಬಹುದು. ನನ್ನ ನಿಯಮಕ್ಕೆ ಅದೊಂದು ಅಪವಾದ.

ಇದರಿಂದ ದುಡ್ಡು ಉಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಫ್ಯಾನು, ಕೆಪಾಸಿಟರ್, ವೈರು, ಪೇಂಟು, ಆಟೋ ಎಲ್ಲ ಕೂಡಿಸಿದರೆ ಹೊಸದೊಂದು ಬರುತ್ತದೆ ಎಂದು ಮನೆಯಾಕೆ ಲೆಕ್ಕ ಮಾಡಿ ತೋರಿಸಿದ್ದಾಳೆ, ಲೆಕ್ಕ ಸರಿಯಾಗಿಯೇ ಇದೆ. ಹಾಗಿದ್ದರೂ ಈ ಹುಚ್ಚು ನನ್ನೊಬ್ಬನದಲ್ಲ. 2009ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಶುರುವಾದ ರಿಪೇರಿ ಕೆಫೆ 2015ರಲ್ಲಿ ಬೆಂಗಳೂರಿಗೂ ಬಂತು. ಕೆಟ್ಟ ಮಿಕ್ಸಿ, ಹರಿದ ಬ್ಯಾಗು ಹಿಡಿದು ಬಂದವರು ಬಲ್ಲವರ ಪಕ್ಕ ಕೂತು ತಾವೇ ಸರಿಮಾಡಿಕೊಂಡು ಹೋಗುತ್ತಾರೆ. ನಮ್ಮ ಬೀದಿ ಮೂಲೆಯ ರೇಡಿಯೋ ರಿಪೇರಿ ಅಂಗಡಿಯಲ್ಲಿ ಬೆಂಚಿನ ಮೇಲೆ ಕೂತು ನೋಡುತ್ತಿದ್ದವರಿಗೆ ಇದು ಹೊಸತೇನಲ್ಲ. ಆಗ ಹೆಸರಿರಲಿಲ್ಲ, ಕಾಫಿಯನ್ನು ನಾವೇ ತರಿಸಬೇಕಿತ್ತು.

ನೀವೂ ಸಂಡೇ ಬಜಾರಿಗೆ ಹೋಗುವವರಾದರೆ ಬೆಳಿಗ್ಗೆ ಬೇಗ ಹೋಗಿ, ಜೇಬಿನಲ್ಲೊಂದು ಸಣ್ಣ ಸ್ಕ್ರೂಡ್ರೈವರ್ ಇರಲಿ, ಪರ್ಸಿನ ಮೇಲೆ ಗಮನವಿರಲಿ. ಹಿತ್ತಾಳೆ ರೆಕ್ಕೆಯ ಫ್ಯಾನು ಕಂಡರೆ ಮಾತ್ರ ದಯವಿಟ್ಟು ಬೆಲೆ ಕೇಳಬೇಡಿ. ಅದನ್ನು ನನಗೆ ಬಿಡಿ.