ಕಾಣದ ನೀರಿನ ಲೆಕ್ಕ

ಗಾಳ ಹಾಕಿ ಕುಳಿತವನನ್ನು ಲೋಕವು ಸೋಮಾರಿಯೆಂದು ಕರೆಯುತ್ತದೆ. ಕೆರೆಯ ಏರಿಯ ಮೇಲೆ, ಮರದ ನೆರಳಿನಲ್ಲಿ, ನೀರಿನ ಮೇಲೆ ತೇಲುವ ಬೆಂಡಿನ ತುಂಡನ್ನೇ ನೋಡುತ್ತ ಹಗಲು ಕಳೆಯುವವನ ವಿಷಯದಲ್ಲಿ ಈ ಮಾತು ನಿಜವಿದ್ದೀತು. ಅಮೆರಿಕದ ಮಿಷಿಗನ್ ಸರೋವರದಲ್ಲಿ ಸಾಲ್ಮನ್ ಮೀನನ್ನು ಅರಸಿ ಹೊರಡುವವರಿಗೆ ಆ ಭಾಗ್ಯವಿಲ್ಲ. ಅವರು ಗಾಳವನ್ನು ಇಳಿಬಿಟ್ಟು ಮೀನು ಬರಲೆಂದು ಕಾಯುವುದಿಲ್ಲ. ಓಡುವ ದೋಣಿಯ ಹಿಂದೆ ಗಾಳವನ್ನು ಎಳೆದುಕೊಂಡು ಮೀನು ಇರುವೆಡೆಗೆ ತಾವೇ ಹೋಗುತ್ತಾರೆ. ಟ್ರೋಲಿಂಗ್ ಎಂದು ಇದಕ್ಕೆ ಹೆಸರು. ಮೀನು ಇರುವೆಡೆ ಯಾವುದು ಎಂಬುದೊಂದೇ ಇಲ್ಲಿನ ಪ್ರಶ್ನೆ. ಅದು ದಿನಕ್ಕೊಂದು ಕಡೆ ಇರುತ್ತದೆಂಬುದೇ ಇಲ್ಲಿನ ಕಷ್ಟ.

ಸರೋವರವೆಂದು ಹೆಸರಾದರೂ ಅದರ ಒಂದು ದಡದಲ್ಲಿ ನಿಂತವನಿಗೆ ಎದುರು ದಡ ಕಾಣುವುದಿಲ್ಲ. ಉದ್ದ ಸುಮಾರು 494 ಕಿಲೋಮೀಟರು. ಅತಿ ಆಳವಾದೆಡೆ 281 ಮೀಟರು. ನೀರು ಉಪ್ಪಲ್ಲ ಎಂಬುದನ್ನು ಬಿಟ್ಟರೆ ಸಮುದ್ರದ ಗುಣಗಳಲ್ಲಿ ಹೆಚ್ಚಿನವು ಅದಕ್ಕಿವೆ. ಸಿಟ್ಟಂತೂ ಇದೆ.

ಸರೋವರದ ಮೂಡಣ ದಡದಲ್ಲಿ ಲುಡಿಂಗ್ಟನ್ ಎಂಬ ಪುಟ್ಟ ಪಟ್ಟಣ. ಜುಲೈ ತಿಂಗಳ ಕೊನೆಯ ವಾರದ ಒಂದು ಬೆಳಗಿನ ಜಾವ, ಅಲ್ಲಿನ ಬಂದರಿನ ಕಟ್ಟೆಯ ಮೇಲೆ ಎಪ್ಪತ್ತರ ಸಮೀಪದ ಒಬ್ಬ ಅಜ್ಜನೂ ಹನ್ನೆರಡು ವರ್ಷದ ಮೊಮ್ಮಗನೂ ನಿಂತಿದ್ದರು. ಅಜ್ಜ ಶಾಲೆಯಲ್ಲಿ ಗಣಿತ ಹೇಳಿ ನಿವೃತ್ತನಾದವನು. ಗಣಿತದ ಮೇಷ್ಟರ ಕೈಗೆ ಯಾವ ಹವ್ಯಾಸ ಸಿಕ್ಕಿದರೂ ಅದು ಲೆಕ್ಕದ ಪುಸ್ತಕವಾಗಿ ಪರಿಣಮಿಸುತ್ತದೆ. ಆತನ ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಪುಸ್ತಕ. ಅದರಲ್ಲಿ ದಿನಾಂಕ, ಗಾಳಿಯ ದಿಕ್ಕು, ನೀರಿನ ಶಾಖ, ಗಾಳದ ಆಳ, ದೋಣಿಯ ವೇಗ, ಸಿಕ್ಕ ಮೀನು ಎಂದು ಸಾಲುಸಾಲಾಗಿ ಅಂಕಣಗಳು. ಕಟ್ಟಕಡೆಯ ಅಂಕಣಕ್ಕೆ ತಲೆಬರಹವಿರಲಿಲ್ಲ; ಅದರಲ್ಲಿ ಬರಿಯ ಅಂಕೆಗಳಿದ್ದವು. ಇಂಥ ಪುಸ್ತಕಗಳು ಮನೆಯ ಕಪಾಟಿನಲ್ಲಿ ಇನ್ನೂ ಹಲವು ಇದ್ದವು.

ಹಿಂದಿನ ಎರಡು ದಿನ ಬಡಗಣ ಗಾಳಿ ಬಿರುಸಾಗಿ ಬೀಸಿ ಯಾವ ದೋಣಿಯೂ ಹೊರಟಿರಲಿಲ್ಲ. ಅದಕ್ಕೆ ಮುಂಚಿನ ದಿನ 80 ಅಡಿ ಆಳದಲ್ಲಿ ಅಜ್ಜನಿಗೆ ನಾಲ್ಕು ಮೀನು ಸಿಕ್ಕಿದ್ದವು. ಇಂದು ಗಾಳಿ ತಗ್ಗಿತ್ತು. ದೋಣಿ ದೀಪಸ್ತಂಭವನ್ನು ದಾಟಿ ಬಡಗಲಿಗೆ, ಬಿಗ್ ಸೇಬಲ್ ಭೂಶಿರದ ಕಡೆಗೆ ತಿರುಗಿತು. ಹುಡುಗ ಬಾಗಿ ನೀರಿಗೆ ಕೈಯಿಟ್ಟವನು ಥಟ್ಟನೆ ತೆಗೆದುಕೊಂಡ.

“ಅಜ್ಜಾ, ಮೊನ್ನೆ ಈ ನೀರು ಬೆಚ್ಚಗಿತ್ತಲ್ಲ!”

ಇದು ಮಿಷಿಗನ್ ಸರೋವರದ ಹಳೆಯ ಆಟ. ಬೇಸಗೆಯಲ್ಲಿ ಬಿಸಿಲಿಗೆ ಕಾದ ನೀರು ಹಗುರವಾಗಿ ಮೇಲೆ ನಿಲ್ಲುತ್ತದೆ. ತಣ್ಣೀರು ಭಾರವಾಗಿ ಕೆಳಗುಳಿಯುತ್ತದೆ. ಎರಡರ ನಡುವೆ, ಅಟ್ಟಕ್ಕೆ ಹಲಗೆ ಹಾಸಿದಂತೆ, ಶಾಖವು ಸರ್ರನೆ ಇಳಿಯುವ ತೆಳುವಾದ ಪದರವೊಂದಿರುತ್ತದೆ. ಚಿನೂಕ್ ಎಂಬ ಜಾತಿಯ ಸಾಲ್ಮನ್ನಿಗೆ 10ರಿಂದ 13 ಡಿಗ್ರಿ ಸೆಂಟಿಗ್ರೇಡಿನ ನೀರು ಹಿತ. ಆದುದರಿಂದ ಅದು ಈ ಪದರದ ಆಸುಪಾಸಿನಲ್ಲಿ ತಿರುಗುತ್ತಿರುತ್ತದೆ. ಬಡಗಣ ಗಾಳಿ ಎಡೆಬಿಡದೆ ಬೀಸಿತೆಂದರೆ ಈ ಏರ್ಪಾಡೆಲ್ಲ ತಲೆಕೆಳಗು. ಭೂಮಿಯು ತಿರುಗುತ್ತಿರುವ ಕಾರಣ, ಗಾಳಿ ತಳ್ಳಿದ ಮೇಲ್ನೀರು ಗಾಳಿಯ ಹಾದಿಯಲ್ಲೇ ಹೋಗದೆ ಅದರ ಬಲಕ್ಕೆ ಸರಿಯುತ್ತದೆ. ಹಾಗೆ ಮೂಡಣ ದಡದ ಬೆಚ್ಚನೆಯ ನೀರು ಪಡುವಲಿಗೆ ಹೊರಟುಹೋಗುತ್ತದೆ. ತೆರವಾದ ಎಡೆಯನ್ನು ತುಂಬಲು ತಳದ ತಣ್ಣೀರು ಮೇಲೇರಿ ಬರುತ್ತದೆ. ಮೊನ್ನೆ ಮಕ್ಕಳು ಈಜಿದ ನೀರಿನಲ್ಲಿ ಇಂದು ಕಾಲಿಡುವುದೂ ಕಷ್ಟ.

ಇದನ್ನೆಲ್ಲ ಅಜ್ಜ ಮೊಮ್ಮಗನಿಗೆ ಸಾವಧಾನವಾಗಿ ವಿವರಿಸಿದ. ವಿವರಿಸಿ, ಪುಸ್ತಕ ತೆರೆದು, “ಗಾಳಿ ನಿಂತ ಮರುದಿನ ಮೀನು ಮತ್ತೆ 80 ಅಡಿಗೆ ಇಳಿದಿರುತ್ತದೆ. ಹನ್ನೊಂದು ಸಲ ಹೀಗೇ ಆಗಿದೆ, ನೋಡು” ಎಂದ. ಹನ್ನೊಂದು ಸಲ ಆದದ್ದು ಹನ್ನೆರಡನೆಯ ಸಲವೂ ಆಗಲೇಬೇಕೆಂದು ಗಣಿತ ಎಲ್ಲಿಯೂ ಹೇಳುವುದಿಲ್ಲ. ಗಣಿತದ ಮೇಷ್ಟರು ಹೇಳುತ್ತಾರೆ.

ಗಾಳವನ್ನು ಅಷ್ಟು ಆಳಕ್ಕೆ ಕಳಿಸುವ ಉಪಾಯ ನೋಡತಕ್ಕದ್ದು. ದೋಣಿಯ ಹಿಂಬದಿಯ ರಾಟೆಯಿಂದ ಉಕ್ಕಿನ ತಂತಿಯೊಂದು ಇಳಿಯುತ್ತದೆ. ಅದರ ತುದಿಗೆ 10, 12 ಪೌಂಡು ತೂಗುವ ಸೀಸದ ಗುಂಡು. ಗಾಳದ ದಾರವನ್ನು ಗುಂಡಿನ ಬಳಿ ಒಂದು ಚಿಮುಟಕ್ಕೆ ಕಚ್ಚಿಸಿ ಎರಡನ್ನೂ ಒಟ್ಟಿಗೆ ಇಳಿಸುತ್ತಾರೆ. ಮೇಲೆ ಗಾಳದ ಕೋಲು ಹೆದೆಯೇರಿಸಿದ ಬಿಲ್ಲಿನಂತೆ ಬಾಗಿ ನಿಲ್ಲುತ್ತದೆ. ಮೀನು ಕಚ್ಚಿದರೆ ದಾರವು ಚಿಮುಟದಿಂದ ಕಳಚಿಕೊಳ್ಳುತ್ತದೆ. ಕೋಲು ಚಂಗನೆ ನೆಟ್ಟಗಾಗಿ ಮರುಗಳಿಗೆಯೇ ಮತ್ತೆ ಬಾಗುತ್ತದೆ. ಆ ಎರಡನೆಯ ಬಾಗನ್ನು ನೋಡಲೆಂದೇ ಜನ ನಿದ್ದೆಗೆಟ್ಟು ಬರುತ್ತಾರೆ.

ದಾರದ ತುದಿಗೆ ಇರುವುದು ಹುಳುವಲ್ಲ. ಚಮಚದ ಆಕಾರದ ಬಣ್ಣದ ತಗಡು. ತಕ್ಕ ವೇಗದಲ್ಲಿ ಎಳೆದರೆ ಮಾತ್ರ ಅದು ಪೆಟ್ಟುತಿಂದ ಮರಿಮೀನಿನಂತೆ ಹೊರಳಾಡುತ್ತದೆ. ದೋಣಿಯ ವೇಗ ಮನುಷ್ಯನ ನಡಿಗೆಯಷ್ಟು, ಗಂಟೆಗೆ 4 ಕಿಲೋಮೀಟರಿನ ಹತ್ತಿರ. ಅಲ್ಲಿಯೂ ಮೋಸವಿದೆ. ಮೇಲೆ ಒಂದು ಸೆಳವಿದ್ದರೆ ಆಳದಲ್ಲಿ ಇನ್ನೊಂದು. ದೋಣಿ ಸರಿಯಾದ ವೇಗದಲ್ಲೇ ಹೋಗುತ್ತಿದ್ದರೂ ಕೆಳಗೆ ತಗಡು ಸತ್ತಂತೆ ಜೋತುಬಿದ್ದಿರಬಹುದು. ತೆಂಕಲಿಗೆ ಹೋಗುವಾಗ ಕಚ್ಚಿದ ಮೀನು, ಅದೇ ಗೆರೆಯ ಮೇಲೆ ಬಡಗಲಿಗೆ ಮರಳುವಾಗ ಮೂಸಿಯೂ ನೋಡದಿರಬಹುದು. ಬಲ್ಲವರು ದೋಣಿಯನ್ನು ಆಗಾಗ ತಿರುಗಿಸುತ್ತಾರೆ. ತಿರುವಿನ ಹೊರಬದಿಯ ಗಾಳ ವೇಗವಾಗಿ ಓಡುತ್ತದೆ, ಒಳಬದಿಯದು ನಿಧಾನವಾಗುತ್ತದೆ. ಯಾವುದನ್ನು ಮೀನು ಕಚ್ಚಿತೆಂಬುದರಿಂದ ಅಂದಿನ ವೇಗ ತಿಳಿಯುತ್ತದೆ. ಬಣ್ಣದ ವಿಷಯವೂ ಹೀಗೆಯೇ. ಆಳಕ್ಕೆ ಇಳಿದಂತೆ ಬೆಳಕಿನ ಬಣ್ಣಗಳು ಒಂದೊಂದಾಗಿ ಆರುತ್ತವೆ, ಮೊದಲು ಕೆಂಪು. ಅಂಗಡಿಯ ದೀಪದಲ್ಲಿ ಕಣ್ಣು ಕೋರೈಸಿದ ಕೆಂಪು ತಗಡು 80 ಅಡಿಯಲ್ಲಿ ಬರಿಯ ಕಪ್ಪು. ಕೊಳ್ಳುವವನ ಕಣ್ಣಿಗೆ ಬೀಳಲೆಂದು ಹಚ್ಚಿದ ಬಣ್ಣ ಮೀನಿನ ಕಣ್ಣಿಗೆ ಬೀಳಬೇಕೆಂಬ ನಿಯಮವೇನೂ ಇಲ್ಲವಷ್ಟೆ.

ಹೊತ್ತು ಮೂಡಿತು. ಒಂದು ಗಂಟೆ ಕಳೆಯಿತು, ಎರಡಾಯಿತು. ನಾಲ್ಕು ಕೋಲುಗಳೂ ಬಾಗಿದ್ದು ಬಾಗಿದಂತೆಯೇ ಇದ್ದವು.

ಈ ಸರೋವರಕ್ಕೆ ಸಾಲ್ಮನ್ ನಿನ್ನೆ ಮೊನ್ನೆ ಬಂದ ನೆಂಟ. ಮೊದಲು ಇಲ್ಲಿ ಟ್ರೌಟ್ ಎಂಬ ದೊಡ್ಡ ಮೀನಿನ ರಾಜ್ಯವಿತ್ತು. ನಯಾಗರಾ ಜಲಪಾತವನ್ನು ಬಳಸಿ ಹಡಗುಗಳು ಸಾಗಲೆಂದು ತೋಡಿದ ವೆಲ್ಯಾಂಡ್ ಕಾಲುವೆಯಿಂದ ಕರೆಯದ ಅತಿಥಿಗಳು ಒಳನುಗ್ಗಿದರು. ಲ್ಯಾಂಪ್ರಿ ಎಂಬ, ಜಿಗಣೆಯಂತೆ ಮೈಗಂಟಿ ರಕ್ತ ಹೀರುವ ಜೀವಿ 1936ರಲ್ಲಿ ಮಿಷಿಗನ್ ಸರೋವರದಲ್ಲಿ ಕಾಣಿಸಿಕೊಂಡಿತು. ಅದರ ಬಾಧೆಯೂ ಮಿತಿಯಿಲ್ಲದ ಬೇಟೆಯೂ ಸೇರಿ ಟ್ರೌಟ್ ಅಳಿಯಿತು. 1949ರಲ್ಲಿ ಏಲ್‌ವೈಫ್ ಎಂಬ ಅಂಗೈಯುದ್ದದ ಕಡಲ ಮೀನು ಬಂದಿತು. ತಿನ್ನುವವರಿಲ್ಲದೆ ಅದರ ಸಂತತಿ ಬೆಳೆದು ಸರೋವರವನ್ನು ತುಂಬಿತು. 1967ರ ಬೇಸಗೆಯಲ್ಲಿ ಏಲ್‌ವೈಫ್‌ಗಳು ಎಣಿಕೆಗೆ ಸಿಗದಷ್ಟು ಸತ್ತು ದಡಕ್ಕೆ ಬಿದ್ದವು. ಷಿಕಾಗೋ ನಗರದ ದಂಡೆಯಿಂದ ಹಿಡಿದು ಮರಳಿನ ಮೇಲೆಲ್ಲ ಹೆಣಗಳ ರಾಶಿ. ಅವುಗಳನ್ನು ಯಂತ್ರಗಳಿಂದ ಬಾಚಿ ಹೂಳಬೇಕಾಯಿತು.

ಮಿಷಿಗನ್ ರಾಜ್ಯದ ಮೀನುಗಾರಿಕೆಯ ಅಧಿಕಾರಿ ಹೊವರ್ಡ್ ಟ್ಯಾನರ್ ಇದಕ್ಕೆ ಮುಂಚೆಯೇ ಒಂದು ಸಾಹಸಕ್ಕೆ ಕೈಹಾಕಿದ್ದರು. ಪೆಸಿಫಿಕ್ ಕರಾವಳಿಯ ಓರೆಗಾನಿನಿಂದ ಕೋಹೊ ಜಾತಿಯ ಸಾಲ್ಮನ್ನಿನ ಮೊಟ್ಟೆ ತರಿಸಿ, ಬೆಳೆಸಿದ ಮರಿಗಳನ್ನು 1966ರ ವಸಂತದಲ್ಲಿ ಪ್ಲಾಟ್ ನದಿಯೇ ಮೊದಲಾದೆಡೆಗಳಲ್ಲಿ ಲಕ್ಷಗಟ್ಟಲೆ ಬಿಡಿಸಿದರು. ಮರುವರ್ಷ ಚಿನೂಕ್ ಬಂದಿತು. ಹಾಳುಬಿದ್ದ ಸರೋವರದಲ್ಲಿ ಔತಣ ಸಿದ್ಧವಾಗಿತ್ತು; ಬಂದವರು ಉಂಡು ಬೆಳೆದರು. 1967ರ ಶರತ್ಕಾಲದಲ್ಲಿ ಪ್ಲಾಟ್ ಕೊಲ್ಲಿಯಲ್ಲಿ ದೊಡ್ಡ ಸಾಲ್ಮನ್ ಸಿಗುತ್ತಿದೆಯೆಂಬ ಸುದ್ದಿ ಹಬ್ಬಿ, ದೋಣಿಯೆಂದು ಹೇಳಬಹುದಾದ ಏನನ್ನಾದರೂ ಕಟ್ಟಿಕೊಂಡು ಜನ ಅಲ್ಲಿಗೆ ಮುಗಿಬಿದ್ದರು.

ಆಗ ಅಜ್ಜನಿಗೆ ಹನ್ನೆರಡು ವರ್ಷ. ಸೆಪ್ಟೆಂಬರ್ 23ರ ಬೆಳಿಗ್ಗೆ ಅವನ ತಂದೆಯೂ ಮಗನನ್ನು ಕರೆದುಕೊಂಡು, ಕಾರಿನ ಹಿಂದೆ ಸಣ್ಣ ದೋಣಿಯನ್ನು ಕಟ್ಟಿಕೊಂಡು ಪ್ಲಾಟ್ ಕೊಲ್ಲಿಗೆ ಹೋಗಿದ್ದ. ಸಣ್ಣ ದೋಣಿಗಳಿಗೆ ಅಪಾಯವೆಂಬ ಸೂಚನೆ ಹೊರಟಿತ್ತು. ಅದನ್ನು ಲೆಕ್ಕಿಸಿದವರು ಕಡಿಮೆ. ತಂದೆ ಪಡುವಣ ದಿಕ್ಕನ್ನು ಬಹಳ ಹೊತ್ತು ನೋಡಿದ. ದೋಣಿಯನ್ನು ಇಳಿಸದೆ ಕಾರಿನೊಳಗೆ ಹೋಗಿ ಕುಳಿತ. ಎದುರಿಗೆ ನೂರಾರು ದೋಣಿಗಳು ನೀರಿನಲ್ಲಿದ್ದವು. ಮಗ ಅತ್ತ, ಅಪ್ಪ ಹೇಡಿಯೆಂದ. ಬಿರುಗಾಳಿ ಎದ್ದಮೇಲೆ ದೋಣಿಗಳು ಮಗುಚಿ ದಡಕ್ಕೆ ಬರತೊಡಗಿದವು. ಆ ದಿನ ಏಳು ಮಂದಿ ಸತ್ತರು. ಮನೆಗೆ ಮರಳುವ ಹಾದಿಯಲ್ಲಿ ತಂದೆ ಮಗನಿಗೆ ಒಂದು ಮಾತನ್ನೂ ಆಡಲಿಲ್ಲ, ಬಯ್ಯಲಿಲ್ಲ ಕೂಡ.

“ಅಜ್ಜಾ, ಒಂದು ಸಲ ಕೆಳಗಿನ ನೀರಿನ ಶಾಖ ನೋಡೋಣವೆ?” ಎಂದು ಹುಡುಗ ಮೂರನೆಯ ಬಾರಿ ಕೇಳಿದ. ಆಳದ ಶಾಖವನ್ನು ದೋಣಿಯಲ್ಲೇ ತೋರಿಸುವ ಯಂತ್ರಗಳು ಮಾರಾಟಕ್ಕಿವೆ. ಪುಸ್ತಕವಿರುವಾಗ ಯಂತ್ರವೇಕೆಂದು ಅಜ್ಜ ಕೊಂಡಿರಲಿಲ್ಲ. ಹುಡುಗನೇ ತಂತಿಗೆ ಉಷ್ಣಮಾಪಕವನ್ನು ಕಟ್ಟಿ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ಎಳೆದು ನೋಡಿದ. 80 ಅಡಿಯಲ್ಲಿ 6 ಡಿಗ್ರಿ. 30 ಅಡಿಯಲ್ಲಿ 11. ಮೇಲೇರಿದ ತಣ್ಣೀರು ಇನ್ನೂ ಇಳಿದೇ ಇರಲಿಲ್ಲ.

ಅಜ್ಜ ಪುಸ್ತಕವನ್ನು ಜೇಬಿಗೆ ಸೇರಿಸಿ ದೋಣಿಯನ್ನು ದಡದ ಕಡೆಗೆ ತಿರುಗಿಸಿದ. ಗುಂಡುಗಳನ್ನು 30 ಅಡಿಗೆ ಏರಿಸಿ ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ಎಡಬದಿಯ ಕೋಲು ಚಂಗನೆ ನಿಂತು, ನೀರಿಗೆ ತಾಗುವಷ್ಟು ಬಾಗಿತು. ರಾಟೆಯಿಂದ ದಾರ ಕಿರುಗುಟ್ಟುತ್ತ ಓಡಿತು. ಹುಡುಗ ಕೋಲನ್ನು ಹೊಟ್ಟೆಗೆ ಆನಿಸಿಕೊಂಡು ಹಿಡಿದ. ಎಳೆದುಕೊಂಡದ್ದರ ಎರಡರಷ್ಟನ್ನು ಮೀನು ಮರಳಿ ಕಸಿದುಕೊಳ್ಳುತ್ತಿತ್ತು. ಕಾಲು ಗಂಟೆಯ ಜಗ್ಗಾಟದ ಬಳಿಕ ಅಜ್ಜನ ಬಲೆಯೊಳಕ್ಕೆ ಬಂದದ್ದು 18 ಪೌಂಡಿನ ಚಿನೂಕ್. ಮೈ ಬೆಳ್ಳಿ, ಬಾಯೊಳಗೆ ಮಸಿ ಬಳಿದಂತೆ ಕಪ್ಪು.

ಅದೇ ಹೊತ್ತಿಗೆ ಗಾಳಿ ಪಡುವಲಿಗೆ ತಿರುಗಿತು. ದಿಗಂತದಲ್ಲಿ ಕಂದುಬಣ್ಣದ ಪಟ್ಟಿಯೊಂದು ಎದ್ದಿತು. ಅಲೆಗಳ ತಲೆ ಅಲ್ಲಲ್ಲಿ ಬೆಳ್ಳಗಾದವು. ಮತ್ತೊಂದು ಕೋಲು ಒಮ್ಮೆ ಅದುರಿತು. ಸುತ್ತಲೂ ಇಪ್ಪತ್ತು ದೋಣಿಗಳಿದ್ದವು. ಒಂದೂ ಹಿಂದಿರುಗುವ ಸೂಚನೆ ತೋರಲಿಲ್ಲ.

“ಗಾಳಗಳನ್ನು ಎತ್ತು” ಎಂದ ಅಜ್ಜ.

“ಈಗ ತಾನೇ ಕಚ್ಚಲು ಆರಂಭಿಸಿವೆ! ನೋಡಿ, ಯಾರೂ ಹೋಗುತ್ತಿಲ್ಲ.”

ಅಜ್ಜ ಉತ್ತರ ಹೇಳದೆ ತಾನೇ ರಾಟೆ ತಿರುಗಿಸತೊಡಗಿದ. ಹಿಂದಿರುಗುವ ದಾರಿಯುದ್ದಕ್ಕೂ ಹುಡುಗ ಬೆನ್ನು ತಿರುಗಿಸಿ ಕುಳಿತಿದ್ದ. ಬಿರುಗಾಳಿ ಅಂದು ಬರಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಒಂದು ಸಣ್ಣ ಮಳೆ ಬಂದು ಹೋಯಿತು, ಅಷ್ಟೆ. ಉಳಿದ ದೋಣಿಗಳು ಎರಡು ಗಂಟೆ ತಡವಾಗಿ ಬಂದರಿಗೆ ಬಂದವು. ಅವರೆಲ್ಲ ನೆನೆದಿದ್ದರು, ನಗುತ್ತಿದ್ದರು. ಒಬ್ಬೊಬ್ಬರ ಪೆಟ್ಟಿಗೆಯಲ್ಲೂ ಐದಾರು ಮೀನು. ಹುಡುಗ ಅವನ್ನೂ ಅಜ್ಜನನ್ನೂ ಒಂದೊಂದು ಸಲ ನೋಡಿದ.

ಬಂದರಿನಲ್ಲಿ ಮೀನು ಹಸನುಮಾಡಲು ಒಂದು ಮೇಜಿದೆ. ಅಜ್ಜ ಚಿನೂಕಿನ ಹೊಟ್ಟೆಯನ್ನು ಸೀಳಿ, ಜಠರವನ್ನು ಬೇರೆಯಾಗಿ ತೆಗೆದಿಟ್ಟು ಬಿಡಿಸಿದ. ಒಳಗೆ ಏಲ್‌ವೈಫ್‌ಗಳಿದ್ದವು; ಕೆಲವು ಇಡಿಯಾಗಿ, ಕೆಲವು ಬರಿಯ ಬೆನ್ನೆಲುಬಾಗಿ. ನಾತಕ್ಕೆ ಹುಡುಗ ಮೂಗು ಮುಚ್ಚಿಕೊಂಡ.

ಒಂದು ಕಾಲಕ್ಕೆ ಯಂತ್ರಗಳಿಂದ ಬಾಚಿ ಹೂಳಿದ ಈ ಮೀನೇ ಇಂದು ಸರೋವರದ ಅನ್ನ. 1980ರ ದಶಕದ ಕೊನೆಯಲ್ಲಿ, ಸಮುದ್ರದ ಹಡಗುಗಳು ತಮ್ಮ ತಳದಲ್ಲಿ ತುಂಬಿ ತಂದ ನೀರಿನೊಡನೆ ಈ ಮಹಾಸರೋವರಗಳಿಗೆ ಬೆರಳುಗುರಿನಷ್ಟು ಚಿಕ್ಕ ಚಿಪ್ಪುಜೀವಿಗಳು ಬಂದವು. ಮೊದಲು ಬಂದದ್ದು ಜೀಬ್ರಾ, ಅದರ ಬೆನ್ನಿಗೆ ಕ್ವಾಗ್ಗ. ಅವು ತಳವನ್ನೆಲ್ಲ ಹಾಸಿಕೊಂಡು, ನೀರಿನಲ್ಲಿ ತೇಲುವ ಸೂಕ್ಷ್ಮ ಜೀವರಾಶಿಯನ್ನು ಸೋಸಿ ತಿನ್ನುತ್ತವೆ. ನೀರು ಕನ್ನಡಿಯಂತೆ ತಿಳಿಯಾಯಿತು, ನೋಡುವವರು ಮೆಚ್ಚಿದರು. ಆದರೆ ಆ ತಿಳಿ ಉಪವಾಸದ ತಿಳಿ. ಏಲ್‌ವೈಫ್ ಮರಿಗಳಿಗೆ ತಿನ್ನಲು ಉಳಿದದ್ದು ಕಡಿಮೆ. ಪಕ್ಕದ ಹ್ಯೂರನ್ ಸರೋವರದಲ್ಲಿ 2003–04ರ ಸುಮಾರಿಗೆ ಏಲ್‌ವೈಫ್ ಕುಸಿಯಿತು. ಅದರ ಬೆನ್ನಲ್ಲೇ ಅಲ್ಲಿನ ಚಿನೂಕ್ ಕೂಡ. ಗಾಳದವರನ್ನೇ ನಂಬಿದ್ದ ದಡದ ಊರುಗಳು ಬಡವಾದವು. ಹಾಗಾಗಬಾರದೆಂದು ಮಿಷಿಗನ್ ಸರೋವರಕ್ಕೆ ಬಿಡುವ ಚಿನೂಕ್ ಮರಿಗಳನ್ನು 2013ರಲ್ಲಿ ಸುಮಾರು ಅರ್ಧಕ್ಕೆ ಇಳಿಸಿದರು. ತಿನ್ನುವ ಬಾಯಿಗಳು ಕಡಿಮೆಯಾದರೆ ಅನ್ನ ಉಳಿದೀತೆಂಬ ಲೆಕ್ಕ. ಅದು ಮೀನು ಹಿಡಿಯುವವರಿಗೆ ಒಗ್ಗದ ಲೆಕ್ಕವಾಗಿತ್ತು. ಲುಡಿಂಗ್ಟನ್ನಿನ ಬಳಿ 2021ರ ಆಗಸ್ಟಿನಲ್ಲಿ 47.86 ಪೌಂಡಿನ ಚಿನೂಕ್ ಒಂದು ಗಾಳಕ್ಕೆ ಸಿಕ್ಕಿ, 1978ರಿಂದ ನಿಂತಿದ್ದ ರಾಜ್ಯದ ದಾಖಲೆ ಮುರಿಯಿತು. ಇರುವ ಕೆಲವು ಬಾಯಿಗಳಿಗೆ ಹೊಟ್ಟೆ ತುಂಬುತ್ತಿದೆಯೆಂದು ಅಂದು ಬಂದರಿನಲ್ಲಿ ಹಲವರು ನಂಬಿದರು.

ಅಜ್ಜ ಚಾಕುವಿನ ಮೊನೆಯಿಂದ ಏಲ್‌ವೈಫ್‌ಗಳನ್ನು ಒಂದೊಂದಾಗಿ ಸರಿಸಿ ಎಣಿಸಿದ. ಕೈ ತೊಳೆದು ಪುಸ್ತಕ ತೆರೆದ. ಗಾಳಿ ಎಂಬಲ್ಲಿ ‘ಬಡಗಣ, ಬಳಿಕ ಪಡುವಣ’ ಎಂದೂ, ಆಳ ಎಂಬಲ್ಲಿ 30 ಎಂದೂ ಬರೆದ. ತಲೆಬರಹವಿಲ್ಲದ ಕೊನೆಯ ಅಂಕಣದಲ್ಲಿ 9 ಎಂದು ಬರೆದ.

ಹುಡುಗನ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಆದರೂ ಹತ್ತಿರ ಬಂದು ಪುಟದ ಮೇಲೆ ಬಗ್ಗಿದ.

“ಹೋದ ವರ್ಷ ಈ ಹೊತ್ತಿಗೆ ಎಷ್ಟಿತ್ತು?”

ಅಜ್ಜ ಕನ್ನಡಕವನ್ನು ಸರಿಮಾಡಿಕೊಂಡು, ಒದ್ದೆ ಬೆರಳಿನಿಂದ ಪುಟಗಳನ್ನು ಹಿಂದಕ್ಕೆ ತಿರುವತೊಡಗಿದ.