ಸಂಪಾಜೆ ಘಟ್ಟದಲ್ಲಿ ಸುಳ್ಳು ಹೇಳಿದ ಕಾರು

ಮಂಗಳೂರಿನಿಂದ ಮಡಿಕೇರಿಗೆ ಹೋಗುವ ದಾರಿಯನ್ನು ನಾವು ಎಷ್ಟು ಸಲ ಹತ್ತಿ ಇಳಿದಿರುವೆವೋ ಲೆಕ್ಕವಿಲ್ಲ. ಪಾಣೆಮಂಗಳೂರಿನಲ್ಲಿ ನೇತ್ರಾವತಿಯನ್ನು ದಾಟಿ, ಮಾಣಿಯಲ್ಲಿ ಬಲಕ್ಕೆ ಹೊರಳಿ, ಪುತ್ತೂರಿನ ಅಡಕೆ ತೋಟಗಳ ನಡುವೆ ಸಾಗಿ, ಸುಳ್ಯದಲ್ಲಿ ಪಯಸ್ವಿನಿಯ ಜೊತೆ ಹಿಡಿದೆವೆಂದರೆ ಸಂಪಾಜೆಯವರೆಗೆ ಆಯಾಸವೇ ತೋರದು. ಅಲ್ಲಿಂದ ಮುಂದೆ ಘಟ್ಟ. ಕಡಲಂಚಿನಿಂದ ಹೊರಟವರು ಮಡಿಕೇರಿಯನ್ನು ಮುಟ್ಟುವಾಗ ಸುಮಾರು 1,170 ಮೀಟರು ಮೇಲಕ್ಕೇರಿರುವರು.

ಕಳೆದ ಮಳೆಗಾಲದಲ್ಲಿ ನಾವು ಈ ದಾರಿಯನ್ನು ಹಿಡಿದದ್ದು ವಿಹಾರಕ್ಕಲ್ಲ. ಮಡಿಕೇರಿಯಲ್ಲಿದ್ದ ದೊಡ್ಡಮ್ಮನವರು ಹಾಸಿಗೆ ಹಿಡಿದಿದ್ದರು. ಅಕ್ಕನನ್ನು ಕಣ್ಣಾರೆ ಕಾಣಬೇಕೆಂದು ನಮ್ಮ ತಾಯಿಯವರು ಎರಡು ದಿನಗಳಿಂದ ಅನ್ನವನ್ನೇ ಸರಿಯಾಗಿ ಮುಟ್ಟಿರಲಿಲ್ಲ. ಬೆಳಗಿನ ಕಾಫಿ ಮುಗಿಸಿ ಹೊರಟೆವು. ಮಧ್ಯಾಹ್ನದ ಊಟಕ್ಕೆ ಅಲ್ಲಿರುವೆವೆಂದು ಫೋನಿನಲ್ಲಿ ತಿಳಿಸಿಯೂ ಆಗಿತ್ತು.

ಪುತ್ತೂರು ಸಮೀಪಿಸುವಾಗ ಕಾರಿನ ಮುಂದಿನ ಫಲಕದಲ್ಲಿ ಎಂಜಿನ್ನಿನ ಹಳದಿ ದೀಪ ಹತ್ತಿತು. ಎಂಜಿನ್ನು ಮುಗ್ಗರಿಸತೊಡಗಿತು, ಸಣ್ಣ ಏರಿಗೂ ಅದಕ್ಕೆ ಏದುಸಿರು. ದಾರಿಬದಿಯ ಗ್ಯಾರೇಜೊಂದರಲ್ಲಿ ತರುಣ ಮೆಕ್ಯಾನಿಕ್ ಒಬ್ಬನು ತನ್ನ ಸ್ಕ್ಯಾನರನ್ನು ಜೋಡಿಸಿ, ದೋಷವು ಒತ್ತಡದ ಸೆನ್ಸರಿನದೆಂದು ಹೇಳಿದನು. ಎಂಜಿನ್ನಿನೊಳಕ್ಕೆ ಗಾಳಿ ಹೋಗುವ ಕೊಳವೆಯ ಮೇಲೆ ಕುಳಿತು, ಒಳಗಿನ ಗಾಳಿಯ ಒತ್ತಡವೆಷ್ಟೆಂದು ಕಾರಿನ ಕಂಪ್ಯೂಟರಿಗೆ ತಿಳಿಸುವ ಬೆಂಕಿಪೆಟ್ಟಿಗೆಯಷ್ಟು ಚಿಕ್ಕ ಸಾಧನವಿದು. ಎಷ್ಟು ಪೆಟ್ರೋಲು ಬಿಡಬೇಕೆಂದು ಕಂಪ್ಯೂಟರು ನಿರ್ಧರಿಸುವುದು ಬಹುಮಟ್ಟಿಗೆ ಇದರ ಮಾತನ್ನು ನಂಬಿ. ಮೂರು ತಂತಿಗಳು ಇದಕ್ಕೆ: ಒಂದರಲ್ಲಿ ಐದು ವೋಲ್ಟು ಬರುವುದು, ಇನ್ನೊಂದು ಅರ್ಥಿನ ತಂತಿ, ಮೂರನೆಯದು ಸಮಾಚಾರವನ್ನು ಒಯ್ಯುವುದು. ತರುಣನು ಸಾಕೆಟ್ಟನ್ನು ಕಿತ್ತು ಮೀಟರು ಹಿಡಿದನು. ಐದು ವೋಲ್ಟು ಸರಿಯಾಗಿಯೇ ತೋರಿತು. "ತಂತಿ ಸರಿ ಇದೆ ಸಾರ್, ಸೆನ್ಸರೇ ಹೋಗಿದೆ" ಎಂದನು. ಹೊಸದನ್ನು ತರಿಸಿ ಕೂರಿಸುವಷ್ಟರಲ್ಲಿ ಮೂರು ಗಂಟೆಗಳೂ ಕೆಲವು ಸಾವಿರ ರೂಪಾಯಿಗಳೂ ಸಂದವು. ದೀಪ ಆರಿತು. ನಮಗೂ ಸಮಾಧಾನವಾಯಿತು.

ಆ ಸಮಾಧಾನ ಸಂಪಾಜೆಯವರೆಗೆ ಬಾಳಿತು. ಘಟ್ಟದ ಮೊದಲ ತಿರುವುಗಳಲ್ಲಿಯೇ ಅದೇ ದೀಪ, ಅದೇ ಮುಗ್ಗರಿಕೆ. ಮಳೆಯಾದರೋ ಕೊಡಗಿನ ಮಳೆ. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ಈ ರಸ್ತೆಯೇ ಮುಚ್ಚಿಹೋಗಿದ್ದುದನ್ನೂ, ಜೋಡುಪಾಲದಲ್ಲಿ ಮನೆಗಳೊಡನೆ ಜೀವಗಳೂ ಹೋದುದನ್ನೂ ಬಲ್ಲವರಿಗೆ ಅಲ್ಲಿ ಕೆಟ್ಟು ನಿಲ್ಲುವುದೆಂದರೇನೆಂದು ಹೇಳಬೇಕಾಗಿಲ್ಲ. ಹಿಂದಿನ ಲಾರಿಗಳು ಹಾರನ್ನು ಬಾರಿಸುತ್ತಿರಲು, ಒಂದನೆಯ ಗೇರು, ಎರಡನೆಯ ಗೇರುಗಳಲ್ಲಿ ತೆವಳುತ್ತ, ನಡುನಡುವೆ ನಿಲ್ಲುತ್ತ ಮೇಲೇರಿದೆವು. ತಾಯಿಯವರು ಒಂದು ಮಾತನ್ನೂ ಆಡಲಿಲ್ಲ. ಆ ಮೌನವೇ ನಮಗೆ ಹೆಚ್ಚು ಕಷ್ಟವಾಯಿತು. ಮನೆ ಸೇರಿದಾಗ ರಾತ್ರಿ ಎಂಟು ದಾಟಿತ್ತು; ದೊಡ್ಡಮ್ಮನವರು ಔಷಧದ ಮಂಪರಿನಲ್ಲಿ ಮಲಗಿಬಿಟ್ಟಿದ್ದರು. ತಾಯಿಯವರು ಅವರ ಕಾಲ ಬಳಿಯೇ ಕುಳಿತು ಬೆಳಗು ಮಾಡಿದರು.

ಮರುದಿನ ಊರಿನ ವಯಸ್ಸಾದ ಮೇಸ್ತ್ರಿಯೊಬ್ಬರ ಬಳಿಗೆ ಕಾರನ್ನು ಒಯ್ದೆವು. ಅವರು ಎಂಜಿನ್ನನ್ನು ಚಾಲೂ ಮಾಡಲೇ ಇಲ್ಲ. ಬೀಗದ ಕೈಯನ್ನು ಅರ್ಧ ತಿರುಗಿಸಿ, ಸ್ಕ್ಯಾನರಿನಲ್ಲಿ ಬಂದ ಸಂಖ್ಯೆಯನ್ನು ಓದಿದರು: 79 ಕಿಲೋಪಾಸ್ಕಲ್. "ನಮ್ಮ ಊರಿನ ಗಾಳಿ ಇದಲ್ಲ ಸ್ವಾಮೀ. ಇಲ್ಲಿಗೆ ಬಂದ ಕಾರುಗಳೆಲ್ಲ 88ರ ಆಸುಪಾಸು ಹೇಳುತ್ತವೆ" ಎಂದರು.

ಇದರ ಮರ್ಮ ಆಮೇಲೆ ನಮಗೆ ತಿಳಿಯಿತು. ಎಂಜಿನ್ನು ಓಡುವಾಗ ಕೊಳವೆಯೊಳಗಿನ ಒತ್ತಡ ತಗ್ಗುವುದು. ನಿಂತಿರುವಾಗ ಅಲ್ಲಿರುವುದು ಹೊರಗಿನ ಗಾಳಿಯೇ. ಆದುದರಿಂದ ಆಗ ಆ ಸೆನ್ಸರು ಒಂದು ವಾಯುಭಾರಮಾಪಕ. 1648ರಲ್ಲಿ ಫ್ರಾನ್ಸಿನ ಪಾಸ್ಕಲನು ತನ್ನ ಭಾವನಾದ ಪೆರಿಯೆಯ ಕೈಯಲ್ಲಿ ಪಾದರಸದ ನಳಿಗೆಯನ್ನು ಪುಯ್ ದ ದೋಮ್ ಬೆಟ್ಟಕ್ಕೆ ಹೊರಿಸಿ, ಮೇಲೇರಿದಂತೆ ಗಾಳಿಯ ಭಾರ ಇಳಿಯುವುದೆಂದು ತೋರಿಸಿದನಷ್ಟೆ. ಈ ಅಳತೆಗೆ ಅವನದೇ ಹೆಸರು. ಮಂಗಳೂರಿನಲ್ಲಿ 101ರಷ್ಟಿರುವುದು ಮಡಿಕೇರಿಯಲ್ಲಿ 88ಕ್ಕೆ ಇಳಿಯುವುದು. (ಹವಾಮಾನ ವರದಿಯ ಸಂಖ್ಯೆಯನ್ನು ನೋಡಿ ಮೋಸಹೋಗಬಾರದು, ಅದನ್ನು ಸಮುದ್ರಮಟ್ಟಕ್ಕೆ ಹೊಂದಿಸಿ ಹೇಳುವುದು ವಾಡಿಕೆ.) 79 ಎಂಬುದು ಸುಮಾರು 2,000 ಮೀಟರು ಎತ್ತರದ ಗಾಳಿ. ನಮ್ಮ ನಾಡಿನಲ್ಲೇ ಅತ್ಯುನ್ನತವಾದ ಮುಳ್ಳಯ್ಯನಗಿರಿಗೂ ಅಷ್ಟು ಎತ್ತರವಿಲ್ಲ! ಗಾಳಿ ತೆಳುವೆಂದು ನಂಬಿದ ಕಂಪ್ಯೂಟರು ಪೆಟ್ರೋಲನ್ನು ಜಿಪುಣತನದಿಂದ ಬಿಡುತ್ತಿತ್ತು. ಎಂಜಿನ್ನು ಹಸಿದು ಮುಗ್ಗರಿಸುತ್ತಿತ್ತು.

ಹೊಸ ಸೆನ್ಸರೂ ಸುಳ್ಳು ಹೇಳುವುದೇಕೆ? ಮೇಸ್ತ್ರಿಗಳು ಸಾಕೆಟ್ಟನ್ನು ಕೀಳಲಿಲ್ಲ. ಜೋಡಿಸಿದಂತೆಯೇ ಇಟ್ಟು, ಅದರ ಹಿಂಬದಿಯಿಂದ ತೆಳ್ಳನೆಯ ಸೂಜಿಯನ್ನು ಲೋಹಕ್ಕೆ ತಾಗುವಂತೆ ಮೆಲ್ಲನೆ ತೂರಿಸಿದರು. ತಂತಿಯ ಹೊದಿಕೆಯನ್ನು ಚುಚ್ಚಿದರೆ ಅಲ್ಲಿ ನೀರಿಳಿದು ಇನ್ನೊಂದು ರೋಗ ಹುಟ್ಟುವುದಂತೆ. ಮೀಟರು ನಾಲ್ಕೂವರೆ ವೋಲ್ಟು ತೋರಿತು. ಸಾಕೆಟ್ಟನ್ನು ಬಿಡಿಸಿದೊಡನೆ ಪೂರ್ತಿ ಐದು!

ನಮ್ಮ ಮುಖವನ್ನು ನೋಡಿ ಅವರು ನಕ್ಕರು. "ಕಸ ಕಟ್ಟಿದ ನಲ್ಲಿಯ ಬಾಯಿಗೆ ಹೆಬ್ಬೆರಳು ಒತ್ತಿಹಿಡಿಯಿರಿ, ನೀರು ಜೋರಾಗಿಯೇ ದೂಡುತ್ತದೆ. ಬೆರಳು ತೆಗೆದರೆ ಸಣ್ಣಗೆ ಹನಿಯುತ್ತದೆ. ತಂತಿಯೂ ಹಾಗೆಯೇ. ಕೆಲಸ ಮಾಡುತ್ತಿರುವಾಗಲೇ ಅದನ್ನು ಪರೀಕ್ಷಿಸಬೇಕು." ಪುತ್ತೂರಿನ ತರುಣನು ಅಳೆದದ್ದು ಬೆರಳು ಒತ್ತಿದ ನಲ್ಲಿಯನ್ನು. ಅವನಲ್ಲಿ ಕಪಟವಿರಲಿಲ್ಲ, ಅವಸರವಿತ್ತು, ಅದರಲ್ಲಿ ನಮ್ಮ ಪಾಲೂ ಇತ್ತು.

ಬಳಿಕ ಅವರು ತಂತಿಗಳ ಕಟ್ಟನ್ನು ಬೆರಳುಗಳಿಂದ ಅಲ್ಲಾಡಿಸುತ್ತ ಹೋದರು. ಒಂದು ಕಡೆ ಮುಟ್ಟಿದಾಗ ಸ್ಕ್ಯಾನರಿನ ಸಂಖ್ಯೆ 79ರಿಂದ 60ಕ್ಕೆ ಜಿಗಿದು ಮತ್ತೆ ಏರಿತು. ಪ್ಲಾಸ್ಟಿಕ್ ಕ್ಲಿಪ್ಪು ಮುರಿದು, ಕಟ್ಟು ಕಬ್ಬಿಣದ ಪಟ್ಟಿಗೆ ಉಜ್ಜುತ್ತಿತ್ತು. ಟೇಪನ್ನು ಬಿಚ್ಚಿದರೆ ಐದು ವೋಲ್ಟಿನ ತಂತಿಯ ಎಳೆಗಳು ಕಡಿದು, ಉಳಿದುವು ಹಸಿರು ಕಿಲುಬಿನ ಮೂಲಕವೇ ಒಂದಕ್ಕೊಂದು ತಾಗಿಕೊಂಡಿದ್ದವು. ಕಡಲ ತೀರದ ಉಪ್ಪುಗಾಳಿ ತನ್ನ ಕೆಲಸವನ್ನು ಮಾಡಿತ್ತು. ಘಟ್ಟದ ತಿರುವುಗಳಲ್ಲಿ ಎಂಜಿನ್ನು ಕುಲುಕಿದಾಗಲೆಲ್ಲ ಆ ಸಂಬಂಧವೂ ತಪ್ಪುತ್ತಿತ್ತು.

ಕೆಟ್ಟ ತುಂಡನ್ನು ಕತ್ತರಿಸಿ, ಹೊಸ ತುಂಡನ್ನು ಬೆಸೆದು, ಹೊದಿಕೆ ಹಾಕಿ, ಕಟ್ಟನ್ನು ಪಟ್ಟಿಯಿಂದ ದೂರ ಬಿಗಿದರು. ಸಂಖ್ಯೆ 88ಕ್ಕೆ ಬಂದು ನಿಂತಿತು. ಡಬ್ಬದಲ್ಲಿ ಬಿದ್ದಿದ್ದ ಹಳೆಯ ಸೆನ್ಸರನ್ನು ಕೇಳಿ ಪಡೆದು ಕೂರಿಸಿದರು. ಅದೂ 88 ಎಂದಿತು. ತೆಗೆದುಕೊಂಡ ಮಜೂರಿ, ಪುತ್ತೂರಿನಲ್ಲಿ ತೆತ್ತುದರ ಕಾಲು ಪಾಲೂ ಇರಲಿಲ್ಲ.

ಮನೆಗೆ ಮರಳಿದಾಗ ದೊಡ್ಡಮ್ಮನವರಿಗೆ ಎಚ್ಚರವಾಗಿತ್ತು. ದಿಂಬಿಗೆ ಒರಗಿ ಕುಳಿತು, ತಂಗಿಯ ಕೈಯಿಂದ ಗಂಜಿ ಕುಡಿಯುತ್ತಿದ್ದರು. "ನಿನ್ನೆ ಊಟಕ್ಕೆ ಬರುತ್ತೀರೆಂದು ಕಡುಬು ಮಾಡಿಸಿದ್ದೆನಲ್ಲೋ" ಎಂದು ನಮ್ಮನ್ನು ಗದರಿಸಿದರು.